ಬಡ ದೇಶಗಳು ಸಿರಿವಂತ ದೇಶಗಳನ್ನು ಸಮೀಪಿಸುತ್ತಿವೆಯೇ ಎಂದು ಪರಿಶೀಲಿಸುವ ಬಗೆ

ಬೆಂಗಳೂರಿನ ನಾಗರಭಾವಿಯಲ್ಲಿರುವ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಸಂಸ್ಥೆಯಲ್ಲಿ ಓದುತ್ತಿರಲಿ, ಮನೆಯಲ್ಲೇ ಕುಳಿತಿರಲಿ, ಮೊದಲು ವಿಶ್ವಬ್ಯಾಂಕಿನ ದತ್ತಾಂಶದಿಂದ, ಕೊಳ್ಳುವ ಶಕ್ತಿಗೆ (ಅಂದರೆ ದೇಶ ದೇಶಗಳ ನಡುವಿನ ಬೆಲೆಗಳ ವ್ಯತ್ಯಾಸಕ್ಕೆ) ಹೊಂದಿಸಿ ಬೆಲೆಯೇರಿಕೆಯನ್ನು ಕಳೆದ ತಲಾ ಆದಾಯವನ್ನು 1990ರಿಂದ ತೆಗೆದುಕೊಳ್ಳಿ. ಆರಂಭದ ವರ್ಷದ ಆದಾಯದ ಲಾಗರಿದಮ್ಮನ್ನು (ಎಷ್ಟು ಪಟ್ಟು ಹೆಚ್ಚು ಎಂಬುದನ್ನು ತೋರುವ ಗಣಿತದ ಅಳತೆ) ಅಡ್ಡ ಅಕ್ಷದಲ್ಲೂ ಆನಂತರದ ಸರಾಸರಿ ವಾರ್ಷಿಕ ಬೆಳವಣಿಗೆಯನ್ನು ಲಂಬ ಅಕ್ಷದಲ್ಲೂ ಗುರುತಿಸಿದಾಗ ಬಿಂದುಗಳ ಸಾಲು ಬಲಕ್ಕೆ ಇಳಿದರೆ, ಬಡ ದೇಶಗಳು ಹೆಚ್ಚು ವೇಗವಾಗಿ ಬೆಳೆದಿವೆ ಎಂದರ್ಥ.

ದೇಶಗಳ ಆಯ್ಕೆಯಲ್ಲಿ ಅತ್ಯಂತ ಎಚ್ಚರ ಬೇಕು. 1986ರಲ್ಲಿ ಅರ್ಥಶಾಸ್ತ್ರಜ್ಞ ವಿಲಿಯಂ ಬಾಮಲ್ 16 ರಾಷ್ಟ್ರಗಳಲ್ಲಿ ಕಂಡ ಸಮೀಪಿಸುವಿಕೆಯು ಬಹುಮಟ್ಟಿಗೆ ಗೆದ್ದವರನ್ನಷ್ಟೇ, ಅಂದರೆ ಕೊನೆಗೆ ಸಿರಿವಂತವಾದ ದೇಶಗಳನ್ನಷ್ಟೇ ಆರಿಸಿದ್ದರ ಫಲವೆಂದು 1988ರಲ್ಲಿ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಬ್ರಾಡ್‌ಫರ್ಡ್ ಡಿಲಾಂಗ್ ವಾದಿಸಿದರು. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮುಖ್ಯವಾದ ಪಾಠವಿಲ್ಲ. ಆದ್ದರಿಂದ ಒಂದು ಕಾಲಕ್ಕೆ ಸಿರಿವಂತವಾಗಿದ್ದು ಹಿಂದೆ ಬಿದ್ದ ಅರ್ಜೆಂಟೀನಾದಂತಹ ದೇಶಗಳನ್ನೂ ಸೇರಿಸಿ.

ಬಡ ದೇಶದ ಬೆಳವಣಿಗೆಯ ವೇಗ ಹೆಚ್ಚಿದ್ದರೂ ಡಾಲರಿನ ಅಂತರ ಹಿಗ್ಗಬಹುದು: 2,000 ಡಾಲರಿಗೆ ಶೇ. 6 ಎಂದರೆ 120 ಡಾಲರಿನ ಹೆಚ್ಚಳ, 50,000 ಡಾಲರಿಗೆ ಶೇ. 1 ಎಂದರೆ 500 ಡಾಲರಿನ ಹೆಚ್ಚಳ. ವೇಗ, ಅಂತರ ಎರಡನ್ನೂ ಪ್ರತ್ಯೇಕವಾಗಿ ದಾಖಲಿಸಿ.