ವ್ಯಾನ್ ಆಕ್ಸಿಲರೇಟರ್ ಎಲ್ಲಿ ಕೂರಿಸಬೇಕು?

ಬ್ರಾಂಚ್‌ಗೆ ಒಂದೇ ಲಿಂಕ್ ಇದ್ದರೆ ವ್ಯಾನ್ ಆಕ್ಸಿಲರೇಟರ್‌ಗೆ (ದೂರದ ಕಚೇರಿಗಳನ್ನು ಜೋಡಿಸುವ WAN ನೆಟ್‌ವರ್ಕ್‌ನಲ್ಲಿ ಡೇಟಾ ಬೇಗ ಓಡುವಂತೆ ಮಾಡುವ ಬಾಕ್ಸ್) ನಾನು ಕಣ್ಣುಮುಚ್ಚಿ ಇನ್‌ಲೈನ್ ಮೋಡ್ ಆರಿಸುತ್ತೇನೆ. ರೂಟರ್‌ಗೂ ಸ್ವಿಚ್‌ಗೂ ನಡುವೆ ಬಾಕ್ಸ್ ಕೂರಿಸಿದರೆ ಆಯ್ತು. ರೂಟರ್ ಕಾನ್ಫಿಗರೇಶನ್ ಮುಟ್ಟುವ ಗೊಡವೆಯೇ ಇಲ್ಲ.

ಆದರೆ ಬೈಪಾಸ್ ಪರೀಕ್ಷೆ, ಅಂದರೆ ಬಾಕ್ಸ್ ಸತ್ತರೂ ಲಿಂಕ್ ನಡೆಯುತ್ತದೆಯೇ ಎಂದು ನೋಡುವುದು, ಮಾತ್ರ ಬಿಡಬೇಡಿ. ಕಚೇರಿ ಖಾಲಿಯಾದ ಮೇಲೆ ಮಾಡಿ. ಒಂದು ಕಡೆ ಪಿಂಗ್ (ಆಚೆ ತುದಿ ಉತ್ತರಿಸುತ್ತಿದೆಯೇ ಎಂದು ನೋಡುವ ಕಮಾಂಡ್) ಓಡುತ್ತಿರಲಿ, ಬಾಕ್ಸಿನ ಪವರ್ ಕೇಬಲ್ ಕಿತ್ತುಬಿಡಿ. ಒಳಗಿನ ರಿಲೇ (ವಿದ್ಯುತ್ ಸ್ವಿಚ್) ಟಕ್ ಎಂದು ಬಿದ್ದು ಎರಡೂ ಪೋರ್ಟ್ ನೇರವಾಗಿ ಸೇರಿಕೊಳ್ಳಬೇಕು. ಕೆಲವು ಪಿಂಗ್ ತಪ್ಪಿ ಮತ್ತೆ ಬಂದರೆ ಸರಿ. ಬರಲೇ ಇಲ್ವಾ? ಮೊದಲು ರೂಟರ್, ಸ್ವಿಚ್ ಎರಡರ ಸ್ಪೀಡ್, ಡ್ಯುಪ್ಲೆಕ್ಸ್ (ಕಳಿಸುವುದು, ಪಡೆಯುವುದು ಒಟ್ಟಿಗೋ ಸರದಿಯಲ್ಲೋ ಎಂಬ ಸೆಟ್ಟಿಂಗ್) ನೋಡಿ. ಒಂದು ಆಟೋ, ಇನ್ನೊಂದು ಫಿಕ್ಸ್ ಆಗಿರಬಾರದು.

ನಡುವೆ ತೂರಿಸಲು ಆಗದಿದ್ದರೆ ಡಬ್ಲ್ಯೂಸಿಸಿಪಿ (WCCP) ಎಂಬ ಪ್ರೋಟೋಕಾಲ್ ಇದೆ. ರೂಟರೇ ಟ್ರಾಫಿಕ್ಕನ್ನು ಬಾಕ್ಸ್‌ಗೆ ತಿರುಗಿಸುತ್ತದೆ. ಇವೆರಡೂ ಮಾತಾಡಿಕೊಳ್ಳುವ ಯುಡಿಪಿ ಪೋರ್ಟ್ 2048 ತೆರೆದಿರಲಿ. ಎರಡು ಲಿಂಕ್ ಇದ್ದಲ್ಲಿ ಜಾಸ್ತಿ ಎಚ್ಚರ ಬೇಕು: ಹೋಗುವ ಪ್ಯಾಕೆಟ್, ಬರುವ ಪ್ಯಾಕೆಟ್ ಎರಡೂ ಒಂದೇ ಬಾಕ್ಸ್ ಹಾಯಬೇಕು. ಇಲ್ಲದಿದ್ದರೆ ಆ ಕನೆಕ್ಷನ್‌ಗೆ ವೇಗ ಸಿಗುವುದಿಲ್ಲ.

ಇನ್ನು ಬ್ಯಾಂಡ್‌ವಿಡ್ತ್ ಮಿತಿ. 10 ಎಂಬಿಪಿಎಸ್ ಲಿಂಕಿಗೆ ನಾನು 9.5 ಎಂದೇ ಹಾಕುತ್ತೇನೆ. ಆಗ ಪ್ಯಾಕೆಟ್‌ಗಳ ಸಾಲು ರೂಟರ್‌ನಲ್ಲಿ ನಿಲ್ಲದೆ ಬಾಕ್ಸಿನೊಳಗೇ ನಿಲ್ಲುತ್ತದೆ. ಯಾವುದನ್ನು ಮೊದಲು ಕಳಿಸಬೇಕು ಅನ್ನೋದು ಬಾಕ್ಸಿನ ಕೈಯಲ್ಲೇ ಇರುತ್ತದೆ.