ಉರಿಮೂತ್ರವೇ? ಮಾತ್ರೆಗೆ ಮೊದಲು ಕಲ್ಚರ್‌ಗೆ ಕೊಡಿ

ಮೂತ್ರಕ್ಕೆ ಹೋದಾಗ ಉರಿ ಎಂದರೆ ನಮ್ಮ ಮನೆಗಳಲ್ಲಿ ಬರುವ ಮೊದಲ ಮಾತು ‘ಉಷ್ಣ ಆಗಿದೆ’. ಎಳನೀರು, ಬಾರ್ಲಿ ನೀರು, ಜೀರಿಗೆ ನೀರು ಶುರುವಾಗುತ್ತವೆ. ಹೆಚ್ಚು ನೀರು ಕುಡಿಯುವುದು ಒಳ್ಳೆಯದೇ. ಆದರೆ ಉರಿ ಇಳಿಯದಿದ್ದಾಗ ಮೆಡಿಕಲ್ ಶಾಪ್‌ನಲ್ಲಿ ಕೇಳಿ ನಾಲ್ಕು ಆಂಟಿಬಯೋಟಿಕ್ ಮಾತ್ರೆ ತರುತ್ತೇವಲ್ಲ, ನನ್ನ ತಕರಾರು ಅದಕ್ಕೆ. ನಮ್ಮ ಚಿಕ್ಕಮ್ಮ ಹೀಗೇ ಎರಡು ದಿನ ಮಾತ್ರೆ ನುಂಗಿ, ಉರಿ ಕಡಿಮೆಯಾಯಿತೆಂದು ಬಿಟ್ಟರು. ಮೂರನೇ ವಾರ ನಡುಗುವ ಚಳಿಜ್ವರದಲ್ಲಿ ಮಲಗಿದ್ದರು. ಮಾತ್ರೆಗೆ ಮೊದಲು ಮೂತ್ರವನ್ನು ಕಲ್ಚರ್‌ಗೆ ಕೊಡಬೇಕಿತ್ತು, ಅಂದರೆ ಅದರಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬ್‌ನಲ್ಲಿ ಬೆಳೆಸಿ, ಯಾವ ಔಷಧಕ್ಕೆ ಬಗ್ಗುತ್ತದೆಂದು ನೋಡುವ ಪರೀಕ್ಷೆಗೆ.

ಒಳಗೆ ಏನಾಗುತ್ತದೆ?

ಬಹುಪಾಲು ಮೂತ್ರದ ಸೋಂಕಿಗೆ ಕಾರಣ ಇ. ಕೋಲಿ ಎಂಬ ಬ್ಯಾಕ್ಟೀರಿಯಾ. ಅದು ನಮ್ಮ ಕರುಳಿನಲ್ಲೇ ಇರುವಂಥದ್ದು, ಅಲ್ಲಿರುವಷ್ಟು ದಿನ ಸಾಮಾನ್ಯವಾಗಿ ತಂಟೆಯಿಲ್ಲ. ಮಲದ್ವಾರದ ಕಡೆಯಿಂದ ಮೂತ್ರದ್ವಾರಕ್ಕೆ ದಾಟಿದರೆ ತೊಂದರೆ. ಗಂಡಸರ ಮೂತ್ರನಾಳ ಸುಮಾರು 20 ಸೆಂ.ಮೀ. ಉದ್ದ, ಹೆಂಗಸರದು 4 ಸೆಂ.ಮೀ. ಮಾತ್ರ. ಈ ಕಾಯಿಲೆ ಹೆಂಗಸರನ್ನೇ ಹೆಚ್ಚು ಕಾಡುವುದಕ್ಕೆ ಇದೊಂದು ದೊಡ್ಡ ಕಾರಣ.

ಮೂತ್ರಕೋಶಕ್ಕೆ ಬಂದದ್ದನ್ನು ಮೂತ್ರದ ಹರಿವೇ ತೊಳೆದುಹಾಕಬೇಕು. ಆದರೆ ಈ ಬ್ಯಾಕ್ಟೀರಿಯಾದ ಮೈತುಂಬ ಸಣ್ಣ ಎಳೆಗಳಿವೆ, ತುದಿಯಲ್ಲಿ ಕೊಕ್ಕೆಯಂಥ ಪ್ರೋಟೀನ್. ಹೊಲದ ಬದುವಿನಲ್ಲಿ ನಡೆದಾಗ ಉತ್ತರಾಣಿ ಕಾಳು ಸೀರೆಯಂಚಿಗೆ ಹತ್ತುವುದಿಲ್ಲವೇ, ಹಾಗೆ ಒಳಗೋಡೆಗೆ ಕಚ್ಚಿಕೊಳ್ಳುತ್ತದೆ. ಹರಿವು ಎಳೆದಾಗ ಹಿಡಿತ ಇನ್ನೂ ಬಿಗಿಯಾಗುತ್ತದೆ! ಆಮೇಲೆ ಗೋಡೆಯ ಜೀವಕೋಶದೊಳಗೇ ನುಗ್ಗಿ ಗುಂಪುಗಟ್ಟಿ ಬೆಳೆಯುತ್ತದೆ. ದೇಹ ಆ ಕೋಶಗಳನ್ನೇ ಉದುರಿಸುತ್ತದೆ, ಬಿಳಿ ರಕ್ತಕಣಗಳು ಓಡಿಬರುತ್ತವೆ, ಗೋಡೆ ಊದಿಕೊಳ್ಳುತ್ತದೆ. ಊದಿದ ಮೂತ್ರಕೋಶಕ್ಕೆ ಎರಡು ಚಮಚ ಮೂತ್ರ ತುಂಬಿದರೂ ಅವಸರ. ಪದೇಪದೇ ಹೋಗಬೇಕೆನಿಸುವುದು, ಹೋದರೆ ನಾಲ್ಕು ಹನಿ, ಉರಿ, ಕೆಲವೊಮ್ಮೆ ರಕ್ತ ಬರುವುದು ಇದರಿಂದಲೇ. ಕೆಲವು ಬ್ಯಾಕ್ಟೀರಿಯಾ ಆಳದ ಪದರದಲ್ಲಿ ಸದ್ದಿಲ್ಲದೆ ಉಳಿದುಬಿಡುವುದು ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ.

ಅಲ್ಲಿಂದ ಮೇಲೇರಿ ಕಿಡ್ನಿ ಮುಟ್ಟಿದರೆ ಚಳಿಜ್ವರ, ಪಕ್ಕೆಯ ಹಿಂಬದಿ ನೋವು, ವಾಂತಿ. ಗರ್ಭಿಣಿಯರಲ್ಲಿ ಕಿಡ್ನಿಯಿಂದ ಮೂತ್ರ ಇಳಿಯುವ ನಾಳಗಳು ಸಡಿಲವಾಗುವುದರಿಂದ ಈ ಏರುದಾರಿ ಸುಲಭ. ಈ ಲಕ್ಷಣಗಳಿದ್ದವರು, ಗರ್ಭಿಣಿಯರು, ಮಕ್ಕಳು ಅದೇ ದಿನ ಡಾಕ್ಟರ ಬಳಿ ಹೋಗಲೇಬೇಕು.

ಸ್ಯಾಂಪಲ್ ಕೊಡುವುದು ಹೇಗೆ?

1. ಆಂಟಿಬಯೋಟಿಕ್‌ನ ಮೊದಲ ಮಾತ್ರೆಗೂ ಮುಂಚೆ ಕೊಡಿ. ಒಂದೆರಡು ಮಾತ್ರೆ ಒಳಗೆ ಹೋದರೂ ಬ್ಯಾಕ್ಟೀರಿಯಾ ಲ್ಯಾಬ್‌ನಲ್ಲಿ ಬೆಳೆಯದೆ ಹೋಗಬಹುದು, ರೋಗವಿದ್ದೂ ರಿಪೋರ್ಟ್ ಬರಿದಾಗುತ್ತದೆ.

2. ಲ್ಯಾಬ್‌ನವರು ಕೊಡುವ ಸ್ಟೆರೈಲ್ ಡಬ್ಬಿಯೇ ಬೇಕು. ಮನೆಯ ಜಾಮ್ ಬಾಟಲಿ ಎಷ್ಟು ತೊಳೆದರೂ ಆಗದು. ಡಬ್ಬಿಯ ಒಳಗೆ, ಮುಚ್ಚಳದ ಒಳಬದಿಗೆ ಬೆರಳು ತಾಗಿಸಬೇಡಿ.

3. ಕೈ ತೊಳೆದು, ಹೆಂಗಸರು ಮುಂದಿನಿಂದ ಹಿಂದಕ್ಕೆ ಬರೀ ನೀರಿನಲ್ಲಿ ತೊಳೆದು ಒರೆಸಿಕೊಳ್ಳಿ. ಡೆಟಾಲ್ ಬೇಡ.

4. ಮೊದಲ ಸ್ವಲ್ಪ ಮೂತ್ರ ಹೊರಗೆ ಬಿಡಿ, ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅದರಲ್ಲಿ ಹೋಗುತ್ತದೆ. ನಡುವಿನದನ್ನು ಹಿಡಿಯಿರಿ, ಕೊನೆಯದು ಬೇಡ. ಬೆಳಿಗ್ಗೆ ಎದ್ದಾಗಿನದು ಸಿಕ್ಕರೆ ಉತ್ತಮ.

5. ಒಂದೆರಡು ಗಂಟೆಯೊಳಗೆ ಲ್ಯಾಬ್ ಮುಟ್ಟಿಸಿ. ಅನುಕೂಲವಾದ ಬಿಸಿಯಲ್ಲಿ ಇ. ಕೋಲಿ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ, ಅಂದರೆ ಎರಡು ಗಂಟೆಗೆ ಒಂದು 64 ಆಗಬಲ್ಲದು. ಬ್ಯಾಗಿನಲ್ಲಿ ಅರ್ಧ ದಿನ ಕೂತ ಡಬ್ಬಿಯ ಲೆಕ್ಕ ನಂಬುವಂತಿಲ್ಲ. ತಡವಾದರೆ ಫ್ರಿಜ್‌ನಲ್ಲಿಡಿ.

ಸ್ಯಾಂಪಲ್ ಕೊಟ್ಟ ಮೇಲೆ ಡಾಕ್ಟರು ಹೇಳಿದರೆ ಅಂದೇ ಔಷಧ ಶುರುಮಾಡಬಹುದು, ರಿಪೋರ್ಟ್‌ಗೆ ಕಾಯಬೇಕಿಲ್ಲ. ಅದು ಬರುವುದಕ್ಕೆ ಎರಡು ದಿನವಾದರೂ ಹಿಡಿಯುತ್ತದೆ.

ರಿಪೋರ್ಟ್‌ನಲ್ಲಿ ಔಷಧಗಳ ಉದ್ದ ಪಟ್ಟಿಯಿರುತ್ತದೆ. ‘ಎಸ್’ ಎಂದಿದ್ದರೆ ಆ ಔಷಧಕ್ಕೆ ಬ್ಯಾಕ್ಟೀರಿಯಾ ಬಗ್ಗುತ್ತದೆ, ‘ಆರ್’ ಎಂದಿದ್ದರೆ ಬಗ್ಗುವುದಿಲ್ಲ. ಚಿಕ್ಕಮ್ಮ ಅಂಗಡಿಯಿಂದ ತಂದಿದ್ದ ಮಾತ್ರೆಯ ಮುಂದೆ ‘ಆರ್’ ಇತ್ತು. ಆ ಹಾಳೆಯನ್ನು ಅವರು ಈಗ ಆಧಾರ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದಾರೆ, ಮತ್ತೆ ಉರಿ ಬಂದರೆ ಡಾಕ್ಟರಿಗೆ ತೋರಿಸಲು.