ಪರಮಪ್ರಸಾದದ ಭಕ್ತಿ: ನನಗೆ ಒದಗಿ ಬಂದ ಅಭ್ಯಾಸಗಳು

ಪರಮಪ್ರಸಾದದ ಮೇಲೆ, ಎಂದರೆ ಚರ್ಚಿನ ಪೂಜೆಯಲ್ಲಿ ಯೇಸುಸ್ವಾಮಿಯ ಶರೀರವೆಂದು ನಂಬಿ ನಾವು ಕಥೋಲಿಕರು ಸ್ವೀಕರಿಸುವ ರೊಟ್ಟಿಯ ಮೇಲೆ, ಭಕ್ತಿ ಬೆಳೆಸಿಕೊಳ್ಳುವುದು ಹೇಗೆ ಎಂದು ನಮ್ಮ ಧರ್ಮಕೇಂದ್ರದ ಯುವಕರು ಕೇಳುವುದುಂಟು. ಧ್ಯಾನಕೂಟಗಳಲ್ಲಿ ಕಣ್ಣೀರು ಸುರಿಸಿದವರ ಸಾಕ್ಷ್ಯ ಕೇಳಿ ಬಂದಿರುತ್ತಾರೆ, ನನ್ನ ಬಾಯಿಂದಲೂ ಅಂಥದ್ದೇ ಬರಲಿ ಎಂದು ಕಾಯುತ್ತಾರೆ. ನನ್ನಲ್ಲಿ ಅಂಥ ಕಥೆಯಿಲ್ಲ. ನನ್ನ ಭಕ್ತಿ ಶುರುವಾದದ್ದು ಬೆಳಗಿನ ಕಾಫಿ ಬಿಟ್ಟದ್ದರಿಂದ.

ಪ್ರಸಾದ ಸ್ವೀಕರಿಸುವ ಮೊದಲು ಒಂದು ಗಂಟೆ ಏನನ್ನೂ ಸೇವಿಸಬಾರದು, ನೀರು ಮತ್ತು ಔಷಧಿಗೆ ಅಡ್ಡಿಯಿಲ್ಲ. 1964ರಿಂದ ಇರುವ ಸಡಿಲ ನಿಯಮವಿದು. ನಮ್ಮ ಅಜ್ಜಿಯ ಕಾಲದವರು ನಡುರಾತ್ರಿಯಿಂದಲೇ ಉಪವಾಸವಿರುತ್ತಿದ್ದರು. ಪೂಜೆ ಅರ್ಧ ಮುಗಿದ ಮೇಲೆಯೇ ಪ್ರಸಾದ ಕೊಡುವುದರಿಂದ, ಲೆಕ್ಕ ಹಾಕಿದರೆ ಈಗ ಉಪವಾಸವೆಂದು ಅನ್ನಿಸುವಷ್ಟೂ ಹಸಿವಾಗುವುದಿಲ್ಲ. ಹಾಗಾಗಿ ನಾನು ಎದ್ದಾಗಿನಿಂದ ಪೂಜೆ ಮುಗಿದು ಮನೆ ಸೇರುವವರೆಗೆ ಕಾಫಿ ಮುಟ್ಟುವುದಿಲ್ಲ. ಬೆಂಗಳೂರಿನ ಚಳಿಗಾಲದಲ್ಲಿ, ಆರು ಗಂಟೆಯ ಪೂಜೆಗೆ ಹೊರಟವನಿಗೆ ಇದು ಸಣ್ಣ ಮಾತಲ್ಲ! ಯಾಕೆ ಹಸಿದಿದ್ದೇನೆ ಎಂಬುದನ್ನು ಹೊಟ್ಟೆಯೇ ನೆನಪಿಸುತ್ತಿರುತ್ತದೆ.

ವಾರದ ದಿನಗಳಲ್ಲೂ ಪೂಜೆಗೆ ಹೋಗಲು ಮೊದಲು ಹಿಂಜರಿಯುತ್ತಿದ್ದೆ. ಮನಸ್ಸು ಕರಗದೆ ದಿನವೂ ಸ್ವೀಕರಿಸುವುದು ಸರಿಯೇ ಎಂಬ ಅಳುಕು. ಅದನ್ನು ಕಳೆದದ್ದು ಹತ್ತನೆಯ ಪಿಯುಸ್ ಜಗದ್ಗುರುಗಳ (ಪೋಪ್) ಕಾಲದ 1905ರ ಆಜ್ಞಾಪತ್ರ. ಘೋರ ಪಾಪವಿಲ್ಲದ ಸ್ಥಿತಿ ಮತ್ತು ಶುದ್ಧ ಉದ್ದೇಶ, ಇವೆರಡಿದ್ದರೆ ದಿನವೂ ಸ್ವೀಕರಿಸಬಹುದು ಎಂದು ಅದು ಹೇಳುತ್ತದೆ. ರೂಢಿಗಾಗಿಯೋ ನಾಲ್ಕು ಜನ ನೋಡಲೆಂದೋ ಹೋಗಬಾರದು, ಅಷ್ಟೆ. ಭಾವಾವೇಶದ ಷರತ್ತು ಅದರಲ್ಲಿ ಎಲ್ಲಿಯೂ ಇಲ್ಲ. ತಿಂಗಳಿಗೊಮ್ಮೆ ಫಾದರ್ ಬಳಿ ಪಾಪನಿವೇದನೆ ಮಾಡುವ ನಿಯಮ ಇಟ್ಟುಕೊಂಡು ಉಳಿದದ್ದನ್ನು ದೇವರಿಗೆ ಬಿಟ್ಟೆ. ಪೂಜೆಗೆ ಹೋಗಲಾಗದ ದಿನ ಸಂತ ಅಲ್ಫೋನ್ಸ್ ಲಿಗೋರಿಯವರ ಆತ್ಮಿಕ ಸ್ವೀಕಾರದ, ಎಂದರೆ ಪ್ರಸಾದ ಸಿಗದಿದ್ದರೂ ಯೇಸುಸ್ವಾಮಿಯನ್ನು ಮನಸ್ಸಿನಲ್ಲೇ ಬರಮಾಡಿಕೊಳ್ಳುವ, ಪ್ರಾರ್ಥನೆ ಹೇಳುತ್ತೇನೆ. 2020ರಲ್ಲಿ ಚರ್ಚುಗಳ ಬಾಗಿಲು ಮುಚ್ಚಿದಾಗ ಕಲಿತದ್ದು, ಬಾಗಿಲು ತೆರೆದ ಮೇಲೂ ಬಿಡಲಿಲ್ಲ.

ಆದರೂ ನನ್ನನ್ನು ನಿಜವಾಗಿ ಬದಲಿಸಿದ್ದು ರೋಗಿಗಳಿಗೆ ಪ್ರಸಾದ ಒಯ್ಯುವ ಕೆಲಸ. ಫಾದರ್ ಅಲ್ಲದ ಶ್ರೀಸಾಮಾನ್ಯರೂ ಪ್ರಸಾದ ಹಂಚಲು ನೆರವಾಗಬಹುದೆಂದು 1973ರಲ್ಲಿ ರೋಮ್ ಅನುಮತಿ ಕೊಟ್ಟಿತು. ನಮ್ಮ ಫಾದರ್ ಕೇಳಿದಾಗ, ಭಾನುವಾರದ ಮಧ್ಯಾಹ್ನವಷ್ಟೇ ಹೋಗುವುದಲ್ಲವೇ ಎಂದು ಒಪ್ಪಿಕೊಂಡೆ.

ಪೂಜೆಯ ಕೊನೆಯಲ್ಲಿ ಫಾದರ್ ಒಂದು ಪುಟ್ಟ ಡಬ್ಬಿಯಲ್ಲಿ ಪ್ರಸಾದವಿಟ್ಟು ಕೊಡುತ್ತಾರೆ. ಹಳೆಯ ಎರಡು ರೂಪಾಯಿ ನಾಣ್ಯಕ್ಕಿಂತ ತುಸು ಅಗಲ, ಒಳಗೆ ಚಿನ್ನದ ಬಣ್ಣದ ಲೇಪ. ಅದನ್ನು ಬಟ್ಟೆಯ ಚೀಲದಲ್ಲಿಟ್ಟು ಕೊರಳಿಗೆ ಹಾಕಿ, ಅಂಗಿಯ ಒಳಗೆ ಎದೆಗೆ ತಾಗುವಂತೆ ಇಟ್ಟುಕೊಳ್ಳುತ್ತೇನೆ. ದಾರಿಯಲ್ಲಿ ತರಕಾರಿ ಕೊಳ್ಳುವುದಿಲ್ಲ, ಪರಿಚಯದವರು ಕರೆದರೆ ಕೈಯೆತ್ತಿ ಮುಂದೆ ಹೋಗುತ್ತೇನೆ. ಸಿಗ್ನಲ್‌ನಲ್ಲಿ ಹಿಂದಿನವನು ಹಾರ್ನ್ ಒತ್ತಿದರೂ ತಿರುಗಿ ಬೈಯಲು ನಾಲಿಗೆ ಏಳುವುದಿಲ್ಲ. ಯಾರನ್ನು ಹೊತ್ತುಕೊಂಡು ಹೋಗುತ್ತಿದ್ದೇನೆ ಎಂಬುದು ಯಾವ ಉಪದೇಶಕ್ಕಿಂತಲೂ ಚೆನ್ನಾಗಿ ಆಗ ತಲೆಗೆ ಹತ್ತುತ್ತದೆ.

ರೋಗಿಯ ಮನೆಯಲ್ಲಿ ಮೇಜಿನ ಮೇಲೆ ಬಿಳಿ ಬಟ್ಟೆ, ಒಂದು ಶಿಲುಬೆ, ಮೇಣದಬತ್ತಿ, ಒಂದು ಲೋಟ ನೀರು ಇಟ್ಟಿರುತ್ತಾರೆ. ಟಿವಿ ಆರಿಸಿರಬೇಕೆಂದು ನಾನೇ ಮೊದಲೇ ಫೋನ್ ಮಾಡಿ ಹೇಳುತ್ತೇನೆ. ಪಾರ್ಶ್ವವಾಯುವಾಗಿದ್ದ ಅಜ್ಜಿಯೊಬ್ಬರಿಗೆ ಇಡೀ ಪ್ರಸಾದ ನುಂಗಲಾಗುತ್ತಿರಲಿಲ್ಲ. ಅದರ ಅಂಚಿನಿಂದ ಅಕ್ಕಿಕಾಳಿನಷ್ಟು ಚೂರನ್ನು ಮುರಿದು ನಾಲಿಗೆಯ ಮೇಲಿಟ್ಟು, ಚಮಚದಿಂದ ನೀರು ಕುಡಿಸಬೇಕಿತ್ತು. ಚೂರಿನಲ್ಲಿಯೂ ಯೇಸುಸ್ವಾಮಿ ಪೂರ್ತಿಯಾಗಿಯೇ ಇದ್ದಾರೆ ಎಂದು ಧರ್ಮೋಪದೇಶದ ತರಗತಿಯಲ್ಲಿ ಬಾಯಿಪಾಠ ಮಾಡಿದ್ದೆ. ಆ ಚೂರಿಗಾಗಿ ಅಜ್ಜಿ ಭಾನುವಾರ ಬೆಳಗಿನಿಂದ ತಲೆ ಬಾಚಿಸಿಕೊಂಡು, ಒಗೆದ ಸೀರೆ ಉಡಿಸಿಕೊಂಡು ಕಾಯುತ್ತಿದ್ದರು. ಮಾತು ಹೋಗಿದ್ದರೂ ‘ಕ್ರಿಸ್ತರ ಶರೀರ’ ಎಂದಾಗ ‘ಆಮೆನ್’ ಎನ್ನಲು ತುಟಿ ಅಲ್ಲಾಡುತ್ತಿತ್ತು. ನಂತರ ಡಬ್ಬಿಯಲ್ಲಿ ಉಳಿದ ಪುಡಿಯನ್ನು ನೀರಿನಿಂದ ತೊಳೆದು, ಆ ನೀರನ್ನು ನಾನೇ ಕುಡಿಯುತ್ತೇನೆ. ಒಂದು ಕಣವೂ ನೆಲಕ್ಕೆ ಬೀಳದಂತೆ ನೋಡಿಕೊಳ್ಳುವ ಈ ಕೆಲಸ ಮಾಡುತ್ತಾ ಮಾಡುತ್ತಾ ನಾನು ಪ್ರಸಾದ ಸ್ವೀಕರಿಸುವ ರೀತಿಯೇ ಬೇರೆಯಾಯಿತು. ಈಗ ಸ್ವೀಕರಿಸಿದ ಮೇಲೆ ಅಂಗೈ ನೋಡಿಕೊಳ್ಳದೆ ಜಾಗಕ್ಕೆ ಮರಳುವುದಿಲ್ಲ. ಪೂಜೆ ಮುಗಿದೊಡನೆ ಸ್ಕೂಟರ್ ತೆಗೆಯಲು ಓಡುವುದೂ ತಾನಾಗಿಯೇ ನಿಂತಿತು.

ಇನ್ನು ತಿಂಗಳ ಮೊದಲ ಶುಕ್ರವಾರದ ಆರಾಧನೆ, ಎಂದರೆ ಬಲಿಪೀಠದ ಮೇಲಿಟ್ಟ ಪ್ರಸಾದದ ಮುಂದೆ ಪ್ರಾರ್ಥಿಸುವುದು. ಮೈಕ್ ಹಿಡಿದು ಒಬ್ಬರ ಹಿಂದೊಬ್ಬರು ಜೋರಾಗಿ ಪ್ರಾರ್ಥಿಸುವ ಆರಾಧನೆ ನನಗೆ ಒಗ್ಗುವುದಿಲ್ಲ. ಎದುರಿಗೇ ಇರುವವರನ್ನು ಅಷ್ಟು ಕೂಗಿ ಕರೆಯಬೇಕೇ? ಅದರಿಂದ ಆಸರೆ ಪಡೆದವರೂ ಇದ್ದಾರೆ, ಅವರೊಡನೆ ಜಗಳವಿಲ್ಲ. ನಾನು ಎಲ್ಲ ಮುಗಿದು ಜನ ಕರಗಿದ ಮೇಲೆ, ಬಲಿಪೀಠದ ಮೇಲೆ ಪ್ರಸಾದವಿನ್ನೂ ಇರುವಾಗಲೇ, ಬದಿಯ ಬೆಂಚಿನಲ್ಲಿ ಕುಳಿತುಕೊಳ್ಳುತ್ತೇನೆ. ಕಚೇರಿಯಿಂದ ನೇರ ಬಂದಿರುವುದರಿಂದ ತೂಕಡಿಕೆ ಬರುತ್ತದೆ. ಬಂದಾಗ ಮೊಣಕಾಲೂರುತ್ತೇನೆ, ಮೊಣಕಾಲು ನೋಯತೊಡಗಿದರೆ ಎದ್ದು ನಿಲ್ಲುತ್ತೇನೆ. ಯೊವಾನ್ನರ ಶುಭಸಂದೇಶದ ಆರನೆಯ ಅಧ್ಯಾಯದಿಂದ ನಾಲ್ಕೈದು ವಾಕ್ಯ ಓದಿಕೊಳ್ಳುತ್ತೇನೆ. ತಮ್ಮ ಶರೀರವನ್ನು ತಿನ್ನಬೇಕೆಂದು ಯೇಸುಸ್ವಾಮಿ ಹೇಳಿದಾಗ, ಈ ಮಾತು ಕಠಿಣ ಎಂದು ಶಿಷ್ಯರೇ ಬಿಟ್ಟುಹೋಗುವ ಅಧ್ಯಾಯ ಅದು. ಹೋದವರನ್ನು ಯೇಸುಸ್ವಾಮಿ ಮಾತು ಹಗುರ ಮಾಡಿ ಹಿಂದಕ್ಕೆ ಕರೆಯುವುದಿಲ್ಲ. ಅದನ್ನು ಓದಿದಾಗಲೆಲ್ಲ ಉಳಿದವರ ಗುಂಪಿನಲ್ಲಿರಬೇಕೆಂಬ ಹಟ ಹುಟ್ಟುತ್ತದೆ. ಆಮೇಲೆ ಆ ಭಾನುವಾರ ಹೋಗಬೇಕಾದ ಮನೆಗಳ ರೋಗಿಗಳ ಹೆಸರನ್ನು ಒಂದೊಂದಾಗಿ ಹೇಳುತ್ತೇನೆ. ಹೇಳಲು ಬೇರೇನೂ ತೋಚದ ಶುಕ್ರವಾರಗಳೇ ಹೆಚ್ಚು, ಆಗ ಸುಮ್ಮನೆ ಕುಳಿತಿರುತ್ತೇನೆ.